ದಾರಿ ಕುಡಿದ ಚಹಾ

ನಮ್ಮೂರಲ್ಲಿ ಯಾರಾದರೂ ಹೊಸ ಗಾಡಿ ತಂದರೆ ಜನ ಬಂದು ಸುತ್ತು ಹಾಕಿ ನೋಡಿ, ಕೊಟ್ಟ ಪೇಡೆ ತಿಂದು, ಕೊನೆಗೆ ಮುಂದಿನ ಗಾಜನ್ನು ಮುಟ್ಟಿ, ಲಗೂನ ಬಿರಿಯಲಿ ಎಂದು ಹರಸಿ ಹೋಗುತ್ತಾರೆ. ಬಿರುಕಿಲ್ಲದ ಗಾಜಿನ ಗಾಡಿ ಊರೊಳಗೆ ಓಡಾಡುವುದಕ್ಕಷ್ಟೇ. ನೀರಿನ ಟಾಕಿ ದಾಟಿದ ಮೇಲೆ ನಮ್ಮಲ್ಲಿ ರಸ್ತೆಗಳು ಒಂದು ಕಡೆ ಇರುವುದಿಲ್ಲ. ನಿನ್ನೆ ಬೋರೆಯ ಎಡಕ್ಕೆ ಹೋಗಿದ್ದದ್ದು ಇವತ್ತು ಬಲಕ್ಕೆ ಇರುತ್ತದೆ, ನಾಳೆ ಇರುವುದೇ ಇಲ್ಲ. ಯಾವ ದಾರಿ ಎಲ್ಲಿದೆ ಎನ್ನುವುದು ಗಾಜಿನ ಬಿರುಕಿನಲ್ಲಿ ಮಾತ್ರ ಕಾಣುತ್ತದೆ. ಬಿರುಕು ಎತ್ತ ಬಾಗುತ್ತದೋ ಅತ್ತ ಸ್ಟಿಯರಿಂಗ್ ತಿರುಗಿಸಬೇಕು. ತಿರುಗಿಸಿದರೆ ಅಲ್ಲಿ ರಸ್ತೆ ಇರುತ್ತದೆ.

ಕಲ್ಲು ತಾನಾಗಿ ಬಂದು ಬಡಿಯಬೇಕು. ಟಾಕಿಯ ಆಚೆ ಗರಸುಕಲ್ಲಿನ ಬಯಲಿದೆ. ಹೊಸ ಗಾಡಿಯವರು ಅಲ್ಲಿ ಲಾರಿಗಳು ಹಾಯುವ ಕಡೆ ಗಾಡಿ ನಿಲ್ಲಿಸಿಕೊಂಡು, ಬುತ್ತಿ ಬಿಚ್ಚಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಾರೆ. ಅವಸರದ ಒಬ್ಬ ಸಾಹುಕಾರನ ಮಗ ತಾನೇ ಕಲ್ಲು ಎತ್ತಿ ಹೊಡೆದುಕೊಂಡ. ಗಾಜು ಬಿರಿಯಿತು, ದಾರಿ ಬರಲಿಲ್ಲ. ಆ ಗಾಡಿಯಲ್ಲಿ ಈಗ ಕೋಳಿಗಳು ಮಲಗುತ್ತವೆ.

ಒಂದೊಂದು ಗಾಜಿನಲ್ಲಿ ಒಂದೊಂದು ಕಡೆಯ ದಾರಿ. ಬಿರುಕು ಗಾಡಿ ಓಡಿದಂತೆಲ್ಲ ಕೂದಲೆಳೆಯಷ್ಟು ಬೆಳೆಯುತ್ತ ಹೋಗುತ್ತದೆ. ಬೆಳೆಯುತ್ತ ಬೆಳೆಯುತ್ತ ಗಾಜಿನ ಅಂಚು ಮುಟ್ಟಿತೆಂದರೆ ಅಲ್ಲಿಗೆ ಆ ದಾರಿ ಮುಗಿಯಿತು. ಗಾಡಿ ಆಗ ಎಲ್ಲಿರುತ್ತದೋ ಅಲ್ಲೇ. ಹಾಗಾಗುವ ಮೊದಲೇ ಗಾಜು ಬಿಚ್ಚಿಸುತ್ತಾರೆ. ಬಿಚ್ಚಿದ ಗಾಜನ್ನು ಯಾರೂ ಎಸೆಯುವುದಿಲ್ಲ, ಮನೆಯ ಗೋಡೆಗೆ ಕಿಟಕಿಯಾಗಿ ಕೂಡಿಸುತ್ತಾರೆ. ನಮ್ಮ ಮನೆಯ ಕಿಟಕಿಯಲ್ಲಿ ದೊಡ್ಡವ್ವನ ತವರಿನ ದಾರಿ ಇದೆ. ಆ ದಾರಿ ಈಗ ಇಲ್ಲ. ಊರು ಇದ್ದರೂ ಇರಬಹುದು. ಸಂಜೆ ಹೊತ್ತು ಬಿಸಿಲು ಬಿರುಕಿನೊಳಗೆ ಇಳಿದು ನೆಲದ ಮೇಲೆ ಬಣ್ಣದ ಗೆರೆ ಬಿದ್ದಾಗ ದೊಡ್ಡವ್ವ ಅದರ ಮೇಲೆ ಕಾಲಿಡದೆ ಸುತ್ತಿ ಹೋಗುತ್ತಾಳೆ.

ದೊಡ್ಡವ್ವನ ಹೆಸರು ಈರಮ್ಮ. ನನ್ನನ್ನು ಸಾಕಿದವಳು ಅವಳೇ. ಏಳನೆಯ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಅಂದರೆ ನನ್ನ ಬಾಯಿಂದ ದನಿಯೇ ಬರುತ್ತಿರಲಿಲ್ಲ. ಒಂದು ದಿನ ಶಾಲೆಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಕರೆಯಲು ಯಾರೂ ಬರಲಿಲ್ಲ. ದೊಡ್ಡವ್ವ ನನ್ನ ಕೈ ಹಿಡಿದು ಸಂತೆಕಟ್ಟೆಯ ಹಿಂದಿನ ಹುಸೇನಪ್ಪನ ಗಾಜಿನ ಅಂಗಡಿಗೆ ಕರೆದುಕೊಂಡು ಹೋದಳು. "ಇಕಿ ಮಾತಾಡಂಗಿಲ್ಲಪ್ಪ, ನೋಡ್ತಾಳ," ಅಂದಳು. ಹುಸೇನಪ್ಪನಿಗೆ ಬೇಕಾಗಿದ್ದದ್ದೂ ಅಂಥವರೇ. ನನ್ನ ಹೆಸರು ಕೇಳಿ ಮಾತ್ರ ಅವನಿಗೆ ನಗು ತಡೆಯಲಾಗಲಿಲ್ಲ. "ಹೆಸರು ಹುಲಿಗೆಮ್ಮ, ದನಿ ಇಲಿಮರಿದು," ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಈಗಲೂ ಹೇಳುತ್ತಾನೆ.

ಗಾಡಿ ಬಂದೊಡನೆ ನಾವು ಮೊದಲು ಮಾಡುವುದು ಉಗುರಿನಿಂದ ಗಾಜು ಸವರುವುದು. ಹೊರಗೆ ಸವರಿದಾಗ ಉಗುರು ತಡೆದರೆ ಬಿರುಕು ಹೊರಪದರಿನಲ್ಲಿದೆ, ಚಿಂತೆಯಿಲ್ಲ. ಒಳಗೂ ತಡೆದರೆ ಆ ಗಾಜನ್ನು ನಂಬುವಂತಿಲ್ಲ, ಅದು ತೋರಿಸುವ ದಾರಿಯನ್ನೂ ನಂಬುವಂತಿಲ್ಲ. ಕಲ್ಲು ಬಿದ್ದ ಕೂಡಲೇ ಮೇಲೆ ಟೇಪು ಅಂಟಿಸಿಕೊಂಡು ಬರಬೇಕು. ಇಲ್ಲದಿದ್ದರೆ ಸಂದಿಗೆ ಧೂಳು ಸೇರಿ ದಾರಿಯೂ ಧೂಳಿನಲ್ಲಿ ಮುಚ್ಚಿಹೋಗುತ್ತದೆ. ಬಿರುಕು ಕವಲೊಡೆದಿದ್ದರೆ ಬೇಡವಾದ ಕವಲನ್ನು ಮುಚ್ಚಬೇಕು. ಎರಡನ್ನೂ ಬೆಳೆಯಲು ಬಿಟ್ಟರೆ ಯಾವುದಾದರೊಂದು ಬೇಗ ಅಂಚು ಮುಟ್ಟಿ ಇಡೀ ಗಾಜನ್ನು ಕೊಲ್ಲುತ್ತದೆ. ಮುಚ್ಚುವ ಅಂಟು ನೀರಿನ ಹಾಗೆ ತೆಳ್ಳಗಿರುತ್ತದೆ. ಹುಸೇನಪ್ಪ ಹೊರಗೆ ನಿಂತು ಅದನ್ನು ಹನಿಹನಿಯಾಗಿ ಸಂದಿಗೆ ಇಳಿಸಿ ಬಿಸಿಲಿಗೆ ಬಿಡುತ್ತಾನೆ. ನಾನು ಒಳಗೆ ಸೀಟಿನಲ್ಲಿ ಕುಳಿತು, ಅಂಗೈಯಗಲದ ಕನ್ನಡಿ ಹಿಡಿದು, ಅಂಟು ಎಲ್ಲಿಯವರೆಗೆ ಹರಿಯಿತೆಂದು ನೋಡುತ್ತೇನೆ. ಯಾವ ಕವಲು ಮುಚ್ಚಬೇಕೋ ಅದರ ಮೇಲೆ ಒಳಗಿನಿಂದ ಉಗುರು ತಟ್ಟುತ್ತೇನೆ. ತುದಿ ಓಡದಂತೆ ಅಲ್ಲಿ ಹೆಬ್ಬೆರಳು ಒತ್ತಿ ಹಿಡಿಯುತ್ತೇನೆ. ಇದಕ್ಕೆಲ್ಲ ಮಾತು ಬೇಕಾಗುವುದಿಲ್ಲ. ಅಂಗಡಿಯ ಬಾಗಿಲ ಮೇಲೆ ಹುಸೇನಪ್ಪ ಕೆಂಪು ಬಣ್ಣದಲ್ಲಿ ಒಂದೇ ವಾಕ್ಯ ಬರೆಸಿದ್ದಾನೆ: ಬಿರಿದ ಗಾಜಿಗೆ ಬಿಸಿ ತಾಗಿಸಬಾರದು. ಚಳಿಗಾಲದ ಬೆಳಿಗ್ಗೆ ಇಬ್ಬನಿ ಕರಗಲೆಂದು ಬಿಸಿನೀರು ಹಾಕಿದ ಒಬ್ಬ ಡ್ರೈವರನ ಕಣ್ಣೆದುರೇ ಮೂರು ಊರುಗಳ ದಾರಿ ಒಮ್ಮೆಗೇ ಅಂಚಿಗೆ ಓಡಿತಂತೆ.

ದೊಡ್ಡವ್ವನ ಮೂತ್ರಪಿಂಡ ಕೆಲಸ ನಿಲ್ಲಿಸಿ ಎರಡು ವರ್ಷವಾಯಿತು. ವಾರಕ್ಕೆರಡು ಸಲ ದೊಡ್ಡಾಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಆ ಆಸ್ಪತ್ರೆಯ ದಾರಿ ಇಡೀ ಊರಲ್ಲಿ ಯಂಕೋಬನ ವ್ಯಾನಿನ ಗಾಜಿಗೆ ಮಾತ್ರ ಬಿದ್ದಿದೆ. ದೊಡ್ಡವ್ವನ ಜೊತೆ ಕಂಬಳಿ ವ್ಯಾಪಾರದ ದ್ಯಾಮಣ್ಣನೂ ಹೋಗುತ್ತಾನೆ, ಅವನಿಗೂ ಅದೇ ರೋಗ. ಇಬ್ಬರೂ ದಾರಿಯುದ್ದಕ್ಕೂ ತಾವು ಕುಡಿಯಲಾಗದ ನೀರಿನ ಬಗ್ಗೆ ಮಾತಾಡುತ್ತಾರೆ. ಯಾವ ಬಾವಿಯ ನೀರು ಸಿಹಿ, ಯಾವ ಮಡಕೆಯ ನೀರು ತಂಪು ಎಂದು. ದೊಡ್ಡವ್ವನಿಗೆ ದಿನಕ್ಕೆ ಡಾಕ್ಟರು ಲೆಕ್ಕ ಹಾಕಿ ಬಿಟ್ಟ ನೀರಿನಲ್ಲಿ ಒಂದು ಸಣ್ಣ ಕಪ್ಪು ಚಹಾ ಸೇರಿದೆ. ಅದನ್ನು ಬೆಳಿಗ್ಗೆ ಕುದಿಕುದಿ ಫ್ಲಾಸ್ಕಿಗೆ ತುಂಬಿಕೊಂಡು, ಆಸ್ಪತ್ರೆಯ ಮಂಚದ ಮೇಲೆ ಕೂತ ಮೇಲೆಯೇ ಕುಡಿಯುತ್ತಾಳೆ. ಅಲ್ಲಿಯವರೆಗೆ ಫ್ಲಾಸ್ಕು ಮಡಿಲಲ್ಲಿ ಮಗುವಿನ ಹಾಗೆ ಇರುತ್ತದೆ.

ಯಂತ್ರದ ಸೂಜಿ ಚುಚ್ಚಲೆಂದು ಅವಳ ಎಡತೋಳಿನಲ್ಲಿ ಎರಡು ನರ ಕೂಡಿಸಿ ಹೊಲಿದಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳು ಸಿಕ್ಕಿಕೊಂಡ ಹಾಗೆ ಗುಯ್‌ಗುಡುತ್ತದೆ. ದಿನಾ ಬೆಳಿಗ್ಗೆ ನನ್ನ ಹೆಬ್ಬೆರಳು ಅಲ್ಲಿ ಇಡಿಸಿಕೊಂಡು, "ಅದಾಳೇನ ನೋಡಬೇ ನಿಮ್ಮ ದೊಡ್ಡವ್ವ," ಎಂದು ಕೇಳುತ್ತಾಳೆ. ನಾನು ತಲೆ ಆಡಿಸುತ್ತೇನೆ.

ಕಳೆದ ಚಳಿಗಾಲದಲ್ಲಿ ಯಂಕೋಬನ ಗಾಜಿನ ಬಿರುಕು ಮಧ್ಯದಲ್ಲಿ ಕವಲೊಡೆಯಿತು. ಬಲಗಡೆಯದು ಆಸ್ಪತ್ರೆಗೆ, ಎಡಗಡೆಯದು ಹಾಳುಬಿದ್ದ ಸುಣ್ಣದ ಭಟ್ಟಿಗೆ. ಭಟ್ಟಿಯ ಕವಲು ಬೇಗ ಬೇಗ ಬೆಳೆಯತೊಡಗಿದ್ದರಿಂದ ಮುಚ್ಚಲೇಬೇಕಾಯಿತು. ವ್ಯಾನು ಅಂಗಡಿಯಲ್ಲಿ ಉಳಿದು ದೊಡ್ಡವ್ವನ ಒಂದು ಸರದಿ ತಪ್ಪಿತು. ಅವಳ ಪಾದ ಬಾತವು, ಮಲಗಿದರೆ ಉಸಿರು ಸಿಗದಂತಾಯಿತು. ಅಂಟು ಹಾಕುವ ದಿನ ನಾನು ಅವಳ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದೆ. ಅಂಗಡಿಗೆ ಹೋಗಲಿಲ್ಲ. ಹುಸೇನಪ್ಪ ಒಬ್ಬನೇ ಕೆಲಸ ಮುಗಿಸಿ, ಆಗೇತಿ, ನಾಳೆ ಮುಂಜಾನೆ ಹೊರಡ್ರಿ ಎಂದು ಹೇಳಿ ಕಳಿಸಿದ.

ಹೊತ್ತು ಮೂಡುವ ಮೊದಲು ಹೊರಟೆವು. ಅವಳನ್ನು ಒಬ್ಬಳೇ ಕಳಿಸುವಂತಿರಲಿಲ್ಲ, ನಾನೂ ಹತ್ತಿದೆ. ಹಿಂದಿನ ಸೀಟಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿದ್ದಳು. ಮುಂದಿನ ಗಾಜು ನನಗೆ ಕಾಣುತ್ತಿರಲಿಲ್ಲ, ಯಂಕೋಬನ ಮಫ್ಲರು ಕಾಣುತ್ತಿತ್ತು. ಅವಳ ಉಸಿರು ತುಂಬಿದ ಕೊಡದಲ್ಲಿ ನೀರು ತುಳುಕಿದಂತೆ ಸದ್ದು ಮಾಡುತ್ತಿತ್ತು. ದ್ಯಾಮಣ್ಣ ಎಂದಿನಂತೆ ಬಾವಿಯ ಮಾತು ತೆಗೆದ. ಅವಳಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಅವನು ತನ್ನ ಕಂಬಳಿ ತೆಗೆದು ಅವಳ ಕಾಲ ಮೇಲೆ ಹೊದಿಸಿದ.

ಬಿಸಿಲು ಇನ್ನೂ ಹಳದಿಯಾಗಿದ್ದಾಗ ವ್ಯಾನು ನಿಂತಿತು. ಎದುರಿಗೆ ಸುಣ್ಣದ ಭಟ್ಟಿ. ಬಾಯಿ ತೆರೆದ ಒಲೆ, ಮೇಲೆ ಬೆಳೆದ ಎಕ್ಕದ ಗಿಡ, ಬೆಳ್ಳಗಿನ ನೆಲ. ಅಲ್ಲಿಗೆ ರಸ್ತೆ ಮುಗಿದಿತ್ತು.

ಯಂಕೋಬ ಬಹಳ ಹೊತ್ತು ಸ್ಟಿಯರಿಂಗ್ ಬಿಡಲಿಲ್ಲ. ಆಮೇಲೆ ಯಾರ ಕಡೆಯೂ ನೋಡದೆ, ತಾನು ಎಡದ್ದು ಮುಚ್ಚು ಅಂತಲೇ ಹೇಳಿದ್ದೆ, ಹುಸೇನಪ್ಪ ಎರಡೆರಡು ಸಲ ಕೇಳಿದ್ದ, ಎರಡು ಸಲವೂ ಎಡದ್ದೇ ಅಂದಿದ್ದೆ, ಉಳಿದ ಒಂದೇ ಗೆರೆ ಆಸ್ಪತ್ರೆಯದೇ ಎಂದುಕೊಂಡು ಕತ್ತಲಲ್ಲಿ ಅದರ ಹಿಂದೆ ಬಂದೆ ಎಂದ.

ನನಗೆ ತಿಳಿದುಹೋಯಿತು. ಆದರೂ ಕೇಳಿದೆ. "ಎಲ್ಲಿ ನಿಂತು ಅಂದ್ರಿ ಅಣ್ಣ?"

"ಅಂಗಡಿ ಮುಂದ. ನೆಳ್ಳಾಗ. ಅವನ ಮಗ್ಗಲಿಗೇ." ಅವನು ತನ್ನ ಎರಡೂ ಕೈಗಳನ್ನು ಎತ್ತಿ ನೋಡಿಕೊಂಡ. ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು. "ನಾ ಹೊರಗ ನಿಂತಿದ್ದೆ. ನನ್ನ ಮನಸ್ಸು ಸೀಟಿನಾಗ ಕುಂತಿತ್ತು."

ಹುಸೇನಪ್ಪನ ಮನಸ್ಸು ಯಾವಾಗಲೂ ಹೊರಗೇ ನಿಂತಿರುತ್ತದೆ. ಹೊರಗಿನಿಂದ ನೋಡುವವನ ಎಡ, ಕೂತವನ ಬಲ. ನಾನು ಒಳಗೆ ಕೂತು ಉಗುರು ತಟ್ಟುತ್ತಿದ್ದ ಇಷ್ಟು ವರ್ಷ ಅಂಗಡಿಯಲ್ಲಿ ಎಡ ಬಲ ಎಂಬ ಮಾತೇ ಬೇಕಾಗಿರಲಿಲ್ಲ.

ಕವಲಿದ್ದ ಜಾಗಕ್ಕೆ ಹಿಂದಿರುಗಿದೆವು. ಬಲಗಡೆ ಜಾಲಿಯ ಪೊದೆ, ಕಲ್ಲು, ಅದರಾಚೆ ಮತ್ತೆ ಜಾಲಿ. ಆಸ್ಪತ್ರೆ ಆ ದಿಕ್ಕಿಗೇ ಅಲ್ಲವೇ ಎಂದು ಯಂಕೋಬ ಹಟದಿಂದ ವ್ಯಾನನ್ನು ಪೊದೆಗಳ ನಡುವೆ ನುಗ್ಗಿಸಿದ. ನೇರವಾಗಿಯೇ ಹೋದೆವು. ಸೂರ್ಯ ಎದುರಿಗಿದ್ದ, ಎದುರಿಗೇ ಉಳಿದ. ಸ್ವಲ್ಪ ಹೊತ್ತಿಗೆ ನೆಲದ ಮೇಲೆ ಹೊಸ ಟೈರಿನ ಗುರುತು ಕಂಡವು. ದ್ಯಾಮಣ್ಣ ಇಳಿದು ನೋಡಿ, ಅವು ನಮ್ಮವೇ ಎಂದ. ಮುರಿದ ಜಾಲಿಯ ಕೊಂಬೆಯಿಂದ ಇನ್ನೂ ರಸ ಒಸರುತ್ತಿತ್ತು. ಗೆರೆಯಿಲ್ಲದೆ ಹೊರಟವರನ್ನು ನಮ್ಮ ನೆಲ ಹೀಗೆ ಮೆಲ್ಲಗೆ ತಿರುಗಿಸಿ ತಂದು ಬಿಡುತ್ತದೆ ಎಂದು ಕೇಳಿದ್ದೆ, ನೋಡಿರಲಿಲ್ಲ.

ಊರಿಗೆ ವಾಪಸು ಹೋಗಿ ಹುಸೇನಪ್ಪನ ಕೈಯಲ್ಲಿ ಅಂಟು ತೆಗೆಸೋಣ, ನಾಳೆ ಬರೋಣ ಎಂದ ಯಂಕೋಬ. ದ್ಯಾಮಣ್ಣ ದೊಡ್ಡವ್ವನ ಮುಖ ನೋಡಿ, ನಾಳೆ ಅನ್ನಬೇಡ ಎಂದು ತಲೆ ಅಲ್ಲಾಡಿಸಿದ. ಅವಳ ತುಟಿ ನೀಲಿಯಾಗಿದ್ದವು. ನಾನು ಅವಳ ತೋಳಿನ ಮೇಲೆ ಹೆಬ್ಬೆರಳಿಟ್ಟೆ. ಗುಯ್‌ ಎನ್ನುತ್ತಿತ್ತು, ಆದರೆ ದೂರದಲ್ಲಿ.

ಇಳಿದು ಮುಂದಿನ ಸೀಟಿಗೆ ಹೋದೆ. ಕನ್ನಡಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಗಾಜಿನ ಬಲಭಾಗ ಬರೀ ಗಾಜಾಗಿತ್ತು. ಹುಸೇನಪ್ಪನ ಕೈ ಅಂಥದ್ದು. ಹತ್ತಿರ ಹೋಗಿ ಹಾ ಎಂದು ಉಸಿರು ಬಿಟ್ಟೆ. ಮಂಜು ಕವಿಯಿತು. ಕನ್ನಡಿಯಿಂದ ಓರೆ ಬಿಸಿಲು ಹಿಡಿದು ಬಿಟ್ಟಾಗ ಮಂಜಿನ ನಡುವೆ ಒಂದು ಎಳೆಯ ಉದ್ದಕ್ಕೆ ಬೇರೆ ಬೆಳಕಿತ್ತು. ಜೇಡ ಮನೆ ಬಿಟ್ಟುಹೋದ ಮೇಲೆ ಉಳಿದ ಒಂದೇ ದಾರದ ಹಾಗೆ. ದಾರಿ ಅಲ್ಲೇ ಮಲಗಿತ್ತು. ಅದು ಮೇಲಕ್ಕೆ ಹೋಗಿ ಬಾಗಿ, ಅಂಚಿಗೆ ಎರಡು ಬೆರಳು ಇರುವಾಗ ನಿಂತಿತ್ತು.

ಅದನ್ನು ಎಬ್ಬಿಸುವುದು ಹೇಗೆಂದು ನನಗೆ ಗೊತ್ತಿತ್ತು. ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅಂಗಡಿಯ ಬಾಗಿಲ ಮೇಲೇ ಬರೆದಿದೆ.

"ದೊಡ್ಡವ್ವ," ಅಂದೆ. "ಚಾ ಬಿಸಿ ಐತೇನು?"

ಯಂಕೋಬ ಗಕ್ಕನೆ ನನ್ನ ಕಡೆ ತಿರುಗಿದ. ಬಿಸಿ ತಾಗಿದರೆ ಬಿರುಕು ಎತ್ತ ಬೇಕಾದರೂ ಓಡೀತು, ಅಂಚು ಮುಟ್ಟಿದರೆ ಆಸ್ಪತ್ರೆಯೂ ಇಲ್ಲ, ಊರೂ ಇಲ್ಲ, ನಾಲ್ಕು ಜನ ಈ ಜಾಲಿಯಲ್ಲೇ ಎಂದ. ಅವನು ಹೇಳಿದ್ದೆಲ್ಲ ನಿಜವಾಗಿತ್ತು. ನಾನು ಏನೂ ಹೇಳದೆ ಹೆಬ್ಬೆರಳನ್ನು ಒಳಗಿನಿಂದ ಆ ಎಳೆಯ ತುದಿಗಿಂತ ಒಂದು ಬೆರಳು ಆಚೆ ಒತ್ತಿ ಹಿಡಿದು ತೋರಿಸಿದೆ. ಅಂಗಡಿಯಲ್ಲಿ ತುದಿ ಓಡದಂತೆ ಹಿಡಿಯುವುದು ಹೀಗೆಯೇ. ಆದರೆ ಬಿಸಿಗೆ ಓಡುವ ಬಿರುಕನ್ನು ಯಾರೂ ಬೆರಳಿನಿಂದ ನಿಲ್ಲಿಸಿ ನೋಡಿರಲಿಲ್ಲ.

ದೊಡ್ಡವ್ವ ಫ್ಲಾಸ್ಕನ್ನು ಮಡಿಲಿಂದ ಎತ್ತಿದಳು. ಎರಡೂ ಕೈಯಲ್ಲಿ ಹಿಡಿದು ಒಂದು ಕ್ಷಣ ಎದೆಗೆ ಆನಿಸಿಕೊಂಡಳು. ಮುಚ್ಚಳ ತೆರೆದಾಗ ಶುಂಠಿಯ ವಾಸನೆ ವ್ಯಾನೆಲ್ಲ ತುಂಬಿತು. ಅವಳು ಮೂಗನ್ನು ಹತ್ತಿರ ತಂದು ಆ ಹಬೆಯನ್ನು ಉದ್ದಕ್ಕೆ ಎಳೆದುಕೊಂಡಳು.

"ತಗೋ," ಅಂದಳು. "ಇವತ್ತಿನದು ದಾರಿ ಕುಡೀಲಿ."

ಯಂಕೋಬ ಹೊರಗೆ ಹೋಗಿ ಬಾನೆಟ್ಟಿನ ಮುಂದೆ ನಿಂತ. ಗಾಜು ಇನ್ನೂ ಮುಂಜಾನೆಯ ಚಳಿಗೆ ತಣ್ಣಗಿತ್ತು. ನಾನು ಎಳೆಯ ಮೇಲೆ ಉಗುರು ತಟ್ಟಿ ತೋರಿಸಿದೆ, ಇಲ್ಲಿಂದ ಇಲ್ಲಿಗೆ ಎಂದು. ಹನಿ ಬೇರೆ ಕಡೆ ಬಿದ್ದರೆ ಏನಾಗುತ್ತದೆಂದು ಅವನಿಗೂ ಗೊತ್ತಿತ್ತು. ಅವನು ಎತ್ತಿದ ಫ್ಲಾಸ್ಕನ್ನು ಹಾಗೇ ಹಿಡಿದು ನನ್ನನ್ನೇ ನೋಡಿದ. ಗಾಜಿನಾಚೆಗೆ ಕೇಳಬೇಕಾದರೆ ದನಿ ಎತ್ತಲೇಬೇಕಿತ್ತು.

"ಸುರಿ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಚಹಾ ಗಾಜಿನ ಮೇಲೆ ಕಂದು ಬಣ್ಣದ ಎಳೆಯಾಗಿ ಇಳಿಯಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಟಿಕ್ ಎಂದಿತು. ಕವಲಿನ ಬುಡದಲ್ಲಿ ಬೆಳ್ಳಿಯ ಚುಕ್ಕೆಯೊಂದು ಹುಟ್ಟಿ, ಮಲಗಿದ್ದ ಗೆರೆಯುದ್ದಕ್ಕೂ ಬೆಳಗುತ್ತ ಓಡಿಬಂತು. ಬಾಗುವ ಕಡೆ ಬಾಗಿತು. ಹಳೆಯ ತುದಿಯಲ್ಲಿ ನಿಲ್ಲಲಿಲ್ಲ. ನೇರ ನನ್ನ ಹೆಬ್ಬೆರಳಿನ ಕಡೆಗೇ ಬಂತು. ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡೆ, ಮುಚ್ಚಲಾಗಲಿಲ್ಲ. ಬಂದು, ಬೆರಳ ಕೆಳಗೆ ಸೇರಿ, ಅಲ್ಲಿ ನಿಂತಿತು. ಗುಯ್‌ ಎನ್ನುತ್ತಿತ್ತು. ದೊಡ್ಡವ್ವನ ತೋಳಿನಲ್ಲಿ ಅನ್ನುವ ಹಾಗೆಯೇ. ಅದೇ ಸದ್ದು, ಅದೇ ಬಿಸಿ. ಇಷ್ಟು ವರ್ಷ ನಾನು ಗಾಜನ್ನು ಗಾಜೆಂದೇ ಮುಟ್ಟಿದ್ದೆ.

ಹೊರಗೆ ಯಂಕೋಬ ನನ್ನನ್ನು ನೋಡುತ್ತಿರಲಿಲ್ಲ. ತಿರುಗಿ ನಿಂತಿದ್ದ. ಜಾಲಿಯ ನಡುವೆ ರಸ್ತೆ ಇತ್ತು. ಹೇಗೆ ಬಂತು ಎನ್ನಲಾರೆ, ಬರುವುದನ್ನು ನಾನು ನೋಡಲಿಲ್ಲ. ಮೊದಲಿನಿಂದ ಅಲ್ಲೇ ಇದ್ದ ಹಾಗೆ ಇತ್ತು. ಹಳೆಯ ಗುಂಡಿಗಳು, ಮಗ್ಗುಲಿಗೆ ಕುರಿ ಹಿಕ್ಕೆ, ಬಿಳಿ ಬಣ್ಣ ಮಾಸಿದ ಒಂದು ರಸ್ತೆಯುಬ್ಬು. ಮೇಲೆ ಒಂದು ಟಿಟ್ಟಿಭ ಹಕ್ಕಿ, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿರಿ ಎಂದು ಗದರಿಸುವ ಹಾಗೆ ಕೂಗುತ್ತ ಓಡಾಡುತ್ತಿತ್ತು. ದ್ಯಾಮಣ್ಣ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಬೆರಳು ತೆಗೆದರೆ ಓಡುತ್ತದೆಂದು ತಿಳಿಯುತ್ತಿತ್ತು. ಹಾಗಾಗಿ ಆಸ್ಪತ್ರೆಯವರೆಗೆ ತೆಗೆಯಲಿಲ್ಲ. ಅರ್ಧ ಎದ್ದು, ಅರ್ಧ ಕೂತು, ಕೈ ಚಾಚಿ ಹಿಡಿದೇ ಇದ್ದೆ. ಚಹಾದ ಕಲೆಯಿಂದ ಯಂಕೋಬನಿಗೆ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಒರೆಸಲು ಧೈರ್ಯವೂ ಇರಲಿಲ್ಲ. ಆದ್ದರಿಂದ ನಾನೇ ಹೇಳುತ್ತ ಹೋದೆ. ಬಲಕ್ಕೆ, ಇನ್ನೊಂಚೂರು, ಈಗ ನೇರ, ಈಗ ಎಡಕ್ಕೆ. ನನ್ನ ಜೀವನದಲ್ಲಿ ಅಷ್ಟು ಮಾತು ಎಂದೂ ಆಡಿರಲಿಲ್ಲ. ಭುಜ ಮರಗಟ್ಟಿತು. ಹಿಂದಿನಿಂದ ದೊಡ್ಡವ್ವ, ಉಸಿರು ಸಿಕ್ಕಾಗಲೊಮ್ಮೆ ಒಂದೊಂದು ಪದ ಎತ್ತಿಕೊಂಡು, "ಬಾಯಿ ಬಂತಲ್ಲೋ ದ್ಯಾಮ ಇಕಿಗೆ, ಇನ್ನ ಮನ್ಯಾಗ ಇರೋದು ಕಷ್ಟ," ಎಂದಳು. ಅದನ್ನು ಕೇಳಿ ನನಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲಿಲ್ಲ, ಒಂದು ಕೈ ಗಾಜಿನ ಮೇಲಿತ್ತು, ಇನ್ನೊಂದರಲ್ಲಿ ಕನ್ನಡಿ ಇತ್ತು.

ಆಸ್ಪತ್ರೆಯ ಗೇಟಿನಲ್ಲಿ ಇಂಜಿನ್ನು ನಿಂತ ಮೇಲೆ ಬೆರಳ ಕೆಳಗಿನ ಗುಯ್‌ಗುಡುವಿಕೆ ಮೆಲ್ಲಗೆ ಆರಿತು. ತೆಗೆದೆ. ಬಿರುಕು ಅಲ್ಲೇ ಇತ್ತು, ಅಂಚಿಗೆ ಒಂದು ಬೆರಳು ಈಚೆ. ಅದರ ತುದಿ ನೇರ ನಿಲ್ಲದೆ ನನ್ನ ಹೆಬ್ಬೆರಳಿನ ಗೆರೆಗಳ ಹಾಗೆ ಸಣ್ಣಗೆ ಸುತ್ತಿಕೊಂಡಿತ್ತು.

ದೊಡ್ಡವ್ವನಿಗೆ ಯಂತ್ರ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿಗೆ ಬಣ್ಣ ಬಂತು. ಖಾಲಿ ಫ್ಲಾಸ್ಕಿನ ಮುಚ್ಚಳ ತೆರೆದು, ಒಳಗೆ ನೋಡಿ, ಮೂಸಿ, ಮುಚ್ಚಿದಳು. ನರ್ಸು ತನ್ನ ಲೆಕ್ಕದಲ್ಲಿ ಸೇರಿಸಿಕೊಂಡು ಅರ್ಧ ಕಪ್ಪು ಚಹಾ ತಂದುಕೊಟ್ಟಾಗ, ಇದು ಆ ಚಹಾ ಅಲ್ಲ ಎಂದು ಮುಖ ಕೆಡಿಸಿಕೊಂಡೇ ಕುಡಿದಳು.

ಬರುವಾಗಲೂ ನಾನು ಮುಂದೆಯೇ ಕೂತು ಬೆರಳಿಟ್ಟುಕೊಂಡು ಬಂದೆ. ಊರು ಮುಟ್ಟಿದಾಗ ಹುಸೇನಪ್ಪ ಅಂಗಡಿಯ ಮುಂದೆ ನಿಂತಿದ್ದ. ವ್ಯಾನು ಎಂದಿನ ಹೊತ್ತಿಗೆ ಬರದಿದ್ದಾಗಲೇ ಅವನಿಗೆ ಏನೋ ಹೊಳೆದಿತ್ತಂತೆ. ಯಂಕೋಬ ನಡೆದದ್ದನ್ನೆಲ್ಲ ಹೇಳಿದ. ಎಡ ಎಂದದ್ದು ತಾನೇ ಎಂದೂ ಹೇಳಿದ. ಹುಸೇನಪ್ಪ ವಾದ ಮಾಡಲಿಲ್ಲ. ಗಾಜಿನ ಮೇಲಿನ ಚಹಾದ ಕಲೆಯನ್ನು ನೋಡಿದ. ತುದಿಯಲ್ಲಿ ಸುತ್ತಿಕೊಂಡ ಗೆರೆಗಳನ್ನು ಉಗುರಿನಿಂದ ಮೆಲ್ಲಗೆ ಸವರಿದ. ಒಳಗೆ ಹೋಗಿ ಸಣ್ಣ ಡ್ರಿಲ್ಲು ತಂದು, ಆ ತುದಿಯಲ್ಲೂ ಭಟ್ಟಿಯ ಕವಲಿನ ತುದಿಯಲ್ಲೂ ಸಾಸಿವೆಯಷ್ಟು ತೂತು ಕೊರೆದು, ಸದ್ಯಕ್ಕೆ ಓಡದಂತೆ ಮಾಡಿದ. ನಾನು ಎಂದಿನಂತೆ ಒಳಗೆ ಕೂತು ಬೆರಳು ಒತ್ತಿ ಹಿಡಿದಿದ್ದೆ. ಕೊರೆದಾದ ಮೇಲೆ ಅವನು ಡ್ರಿಲ್ಲನ್ನು ಬಾನೆಟ್ಟಿನ ಮೇಲಿಟ್ಟು, ಸುತ್ತಿ ಬಂದು, ಡ್ರೈವರಿನ ಬಾಗಿಲು ತೆರೆದ.

ಹುಸೇನಪ್ಪ ನಮ್ಮೂರಿನ ಎಲ್ಲ ಗಾಡಿಗಳ ದಾರಿ ಕಾಯ್ದವನು. ಅವನಿಗೆ ಎಲ್ಲಿಗೂ ಹೋಗುವ ಕೆಲಸ ಬಿದ್ದಿರಲಿಲ್ಲ. ನಾನು ಬಂದಾಗಿನಿಂದ ಅವನು ಒಂದು ಸಲವೂ ಸೀಟಿನಲ್ಲಿ ಕೂತದ್ದನ್ನು ನೋಡಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಹತ್ತಿದ. ಸ್ಟಿಯರಿಂಗ್ ಮುಟ್ಟಲಿಲ್ಲ, ಕೈ ಎರಡೂ ತೊಡೆಯ ಮೇಲಿಟ್ಟುಕೊಂಡ. ಇಳಿಬಿಸಿಲು ಚಹಾದ ಕಲೆಯೊಳಗೆ ಹಾಯ್ದು ಗೆರೆಗಳೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗಿದ್ದವು. ಕವಲು ಎಡಕ್ಕೊಂದು, ಬಲಕ್ಕೊಂದು, ಇರಬೇಕಾದ ಕಡೆ ಇದ್ದವು.

ಅವನು ತುಂಬ ಹೊತ್ತು ನೋಡಿದ.

"ಒಳಗಿಂದ ಹಿಂಗ ಕಾಣ್ತದೇನ," ಎಂದ ಕೊನೆಗೆ. ಆಮೇಲೆ ಕೈ ಎತ್ತಿ, ಗಾಜಿಗೆ ಬೆರಳು ತಾಗದ ಹಾಗೆ, ಆಸ್ಪತ್ರೆಯನ್ನು ದಾಟಿ ಹೊಸದಾಗಿ ಓಡಿದ್ದ ಆ ಒಂದು ಬೆರಳಿನ ದಾರಿಯನ್ನು ತೋರಿಸಿದ. "ಇದು ಎಲ್ಲಿಗೆ ಹೋಗ್ತದಬೇ ಹುಲಿಗಿ?"

ನನಗೂ ಗೊತ್ತಿರಲಿಲ್ಲ. ಆದರೆ ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ, ನೋಡೋಣ ಅಂದೆ.